ತೊಟ್ಟಿಲ ಕಂಬಗಳ ಆಟದ ಮನೆ

ನಾನು ಬಿ.ಎ. ತೇರ್ಗಡೆಯಾಗಿ ಹೊನ್ನಾವರಕ್ಕೆ ಮರಳಿದ ವರ್ಷ ನಮ್ಮ ಅಂಗಳದಲ್ಲಿ ಇನ್ನೊಂದು ಮನೆ ಎದ್ದಿತ್ತು. ಅದರ ಒಡತಿ ನನ್ನ ಅಣ್ಣನ ಮಗಳು. ಆಗ ಅವಳಿಗೆ ಏಳು ವರ್ಷ. ಅಪ್ಪನ ದೋಣಿಯ ಹಳೆಯ ಹಾಯಿಯೇ ಆ ಮನೆಗೆ ಹೊದಿಸಿದ ಮಾಡು. ಕಾಲು ಮುರಿದ ಕುರ್ಚಿಯ ಬೆತ್ತದ ಬೆನ್ನು ಕಿಟಕಿಯಾಗಿತ್ತು. ಮೇಜಿನ ಖಾನೆ ಗೋಡೆಗೊರಗಿ ಪಾತ್ರೆಯ ಕಪಾಟಾಗಿತ್ತು. ಆದರೆ ಮನೆಗೆ ಶೋಭೆ ತಂದಿದ್ದವು ಬಾಗಿಲಿನ ಕಡೆದ ಎರಡು ಕಂಬಗಳು ಮತ್ತು ಅವುಗಳ ನಡುವೆ ತೂಗುತ್ತಿದ್ದ ಅರಗಿನ ಬಣ್ಣದ ಮರದ ಗಿಳಿಗಳು. ಅವೆರಡೂ ನಮ್ಮ ಮನೆತನದ ತೊಟ್ಟಿಲಿನವು.

ಖಾಲಿ ತೊಟ್ಟಿಲು ಮನೆಯಲ್ಲಿ ತೂಗಬಾರದೆಂಬುದು ನಮ್ಮಲ್ಲಿನ ಕಟ್ಟಳೆ. ಮಗು ನಡೆಯತೊಡಗಿದ ದಿನವೇ ಅದನ್ನು ಬಿಚ್ಚಿ ಅಟ್ಟಕ್ಕೆ ಏರಿಸುತ್ತಿದ್ದರು. ಭಟ್ಕಳಕ್ಕೆ ಮದುವೆಯಾಗಿ ಹೋದ ನನ್ನ ಅಕ್ಕನಿಗೆ ಬಹುಕಾಲ ಮಕ್ಕಳಾಗಲಿಲ್ಲ. ಕೊನೆಗೆ ನಮ್ಮ ಆಯಿಯೇ, ಎಂದರೆ ಅಮ್ಮನೇ, ಆಸೆ ಬಿಟ್ಟು, "ಗೆದ್ದಲು ತಿನ್ನುವ ಬದಲು ಹುಡುಗಿಯಾದ್ರೂ ಆಡ್ಲಿ" ಎಂದು ಕಂಬಗಳನ್ನೂ ಗಿಳಿಗಳನ್ನೂ ಮೊಮ್ಮಗಳಿಗೆ ಕೊಟ್ಟಿದ್ದಳು.

ಮರುವರ್ಷ ಅಕ್ಕ ತುಂಬುಬಸುರಿಯಾಗಿ ಬಂದಿಳಿದಳು. ಭಾವ ಹಡಗಿನ ಕೆಲಸದಲ್ಲಿದ್ದುದರಿಂದ ಹೆರಿಗೆಯ ನಂತರವೂ ಅವಳು ನಮ್ಮಲ್ಲಿಯೇ ಇರುವುದೆಂದು ನಿಶ್ಚಯವಾಯಿತು. ಆಯಿ ನೇರವಾಗಿ ಆಟದ ಮನೆಯ ಮುಂದೆ ನಿಂತಳು.

"ಕಂಬ ತೆಗೆದ್ರೆ ನನ್ನ ಮನೆ ಬೀಳ್ತದೆ," ಎಂದಳು ಹುಡುಗಿ.

"ಮಗು ಎಲ್ಲಿ ಮಲಗ್ಬೇಕು?"

"ಹೊಸ ತೊಟ್ಟಿಲು ತನ್ನಿ."

"ನಿನ್ನಪ್ಪನನ್ನ ತೂಗಿದ್ದು ಅದರಲ್ಲೇ, ನಿನ್ನನ್ನೂ ಅದರಲ್ಲೇ. ಹೊಸತು ಎಂತಕ್ಕೆ?" ಎಂದ ಆಯಿ ನನ್ನತ್ತ ತಿರುಗಿದಳು. "ನೀನು ಬಿ.ಎ. ಮಾಡ್ದವ. ಎಂತಾದ್ರೂ ಹೇಳು."

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ತಪ್ಪು ಮಾತು ಬರಬಾರದು. "ಉಭಯಪಕ್ಷಗಳಿಗೂ ಸಮ್ಮತವಾಗುವ ಮಾರ್ಗವೊಂದನ್ನು ಅರಸುವುದು ಸೂಕ್ತ," ಎಂದೆ.

"ಚಿಕ್ಕಪ್ಪ, ಕನ್ನಡದಲ್ಲಿ ಹೇಳು," ಎಂದಳು ಹುಡುಗಿ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಾರ್ಗವನ್ನು ಅರಸಿದವನು ಅಪ್ಪ. ದೋಣಿ ನೂಕುವ ಎರಡು ಗಳಗಳನ್ನು ತಂದು ಮಾಡಿಗೆ ಆಧಾರವಾಗಿ ನೆಟ್ಟ. ಮನೆ ನಿಂತಿತು. ಆದರೆ ಹುಡುಗಿ ಗಿಳಿಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ವಾಪಸ್ ಯಾವಾಗ ಕೊಡ್ತೀ?" ಎಂದು ಆಯಿಯನ್ನು ಕೇಳಿದಳು.

"ಮಗು ನಡೆದ ದಿನ. ಆತಾ?" ಎಂದಳು ಆಯಿ.

"ಆತು."

ಅಕ್ಕನಿಗೆ ಗಂಡು ಹುಟ್ಟಿದ ಹನ್ನೆರಡನೆಯ ದಿನ ಮಗುವನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರೆಲ್ಲರೂ ಮಗುವಿನ ಮೂಗು ಯಾರದೆಂದು ಚರ್ಚಿಸುತ್ತಿದ್ದರೆ ಹುಡುಗಿಯೊಬ್ಬಳೇ ಅವನ ಕಾಲುಗಳನ್ನು ಪರೀಕ್ಷಿಸುತ್ತಿದ್ದಳು.

ಅಂದಿನಿಂದ ಆ ಕೂಸಿಗೆ ನೆಮ್ಮದಿಯಿರಲಿಲ್ಲ. ಸರಿಯಾಗಿ ಕುಳಿತುಕೊಳ್ಳುವ ಮೊದಲೇ ಅವನನ್ನು ಎತ್ತಿ ನಿಲ್ಲಿಸುವಳು. ಶಾಲೆಯಿಂದ ಬಂದವಳೇ ಪಾಟಿಚೀಲ ಎಸೆದು, "ನಡಿ, ನಡಿ" ಎಂದು ಬೆರಳು ಹಿಡಿದು ಜಗಲಿಯುದ್ದಕ್ಕೂ ಕರೆದೊಯ್ಯುವಳು.

"ಅವನಿಗೆ ಪುರುಸೊತ್ತು ಕೊಡೇ," ಎನ್ನುತ್ತಿದ್ದಳು ಅಕ್ಕ.

"ಅತ್ತೆ, ಅವನಿಗೆ ಬರ್ತದೆ. ಸುಮ್ನೆ ನಾಟಕ."

ಒಂದು ಸಂಜೆ ಅವನು ಆಟದ ಮನೆಯ ಗಳವನ್ನು ಹಿಡಿದು ನಿಂತಿದ್ದ. ಅದನ್ನು ಬಿಟ್ಟು, ತೂರಾಡುತ್ತ ಕೆಲವು ಹೆಜ್ಜೆ ಇಟ್ಟು, ಬೆತ್ತದ ಕಿಟಕಿಯ ಮೇಲೆ ಬಿದ್ದ. ಹುಡುಗಿ ಅವನನ್ನು ಎಬ್ಬಿಸಲಿಲ್ಲ. ನನ್ನ ಬಳಿಗೆ ಓಡಿಬಂದಳು.

"ಚಿಕ್ಕಪ್ಪ, ನೀನು ನೋಡಿದಿ. ಅದು ನಡೆದದ್ದೇ ಅಲ್ವಾ?"

ಆಯಿ ಬಾಗಿಲಲ್ಲಿ ನಿಂತು ನನ್ನ ತೀರ್ಪಿಗಾಗಿ ಕಾಯುತ್ತಿದ್ದಳು. ಹೆಜ್ಜೆ, ನಡಿಗೆ, ಇವುಗಳ ವ್ಯತ್ಯಾಸ ಕುರಿತು ಒಂದು ಉತ್ತಮ ವಾಕ್ಯ ನನ್ನ ನಾಲಿಗೆಯ ಮೇಲಿತ್ತು.

"ನಡೆದದ್ದೇ," ಎಂದೆ.

ಆಯಿ ಸೆರಗು ಸಿಕ್ಕಿಸಿ, ಗಿಳಿಗಳನ್ನು ಬಿಚ್ಚಲು ಒಳಗೆ ಹೋದಳು.