ಹಕ್ಕಿ ಹಾರುವವರೆಗೆ ನಿಂತಿದ್ದವಳು

ಮೊನ್ನೆ ಚಿಕ್ಕೋಡಿಯಿಂದ ಬರುವ ಬಸ್ಸಿನಲ್ಲಿ, ಪಕ್ಕದ ಸೀಟಿನ ಹುಡುಗಿಯ ಮೊಬೈಲಿನಿಂದ ಕೊಳಲಿನ ಒಂದು ಏರುದನಿ ಕೇಳಿ ಅತ್ತ ಬಗ್ಗಿ ನೋಡಿದೆ. ಕಾರ್ಟೂನ್ ಕಂಪನಿಯೊಂದು ತನ್ನ ವಿಡಿಯೊ ಕ್ಯಾಸೆಟ್ಟುಗಳ ಮೊದಲಿಗೆ ತೋರಿಸುತ್ತಿದ್ದ ಲೋಗೊಗಳನ್ನೆಲ್ಲ ಯಾರೋ ಸಾಲಾಗಿ ಜೋಡಿಸಿದ್ದರು. ಮೊದಲಿನದು ಕೆಂಪು ಪರದೆಯ ಮೇಲೆ ಬರೀ ಬಿಳಿ ಅಕ್ಷರ. ಎರಡನೆಯದರಲ್ಲಿ, ಆ ಕೊಳಲಿನ ದನಿಯೊಡನೆ, ಕಾಣದ ಪೆನ್ಸಿಲೊಂದು ಕಪ್ಪು ಪರದೆಯ ಮೇಲೆ ಹಕ್ಕಿಯನ್ನು ಬರೆಯುತ್ತದೆ, ಹಕ್ಕಿ ರೆಕ್ಕೆ ಬಡಿದು ಹಾರುತ್ತದೆ, ಅದು ಬಿಟ್ಟುಹೋದ ಜಾಗದಲ್ಲಿ ಕಂಪನಿಯ ಹೆಸರು ಮೂಡುತ್ತದೆ. ಸಿ.ಡಿ. ಕಾಲದ ಮೂರನೆಯದರಲ್ಲಿ ಹಕ್ಕಿ ಲೋಹದ್ದು, ಮಿಂಚಿ ಮಾಯವಾಗುತ್ತದೆ. ಕ್ಯಾಸೆಟ್ಟಿಗಾಗಿ ವಾರವಿಡೀ ಕಾದವರು ನೀವಾಗಿದ್ದರೆ, ನಿಮಗೂ ಇವುಗಳಲ್ಲಿ ಯಾವುದೋ ಒಂದು ನಿಮ್ಮದೇ ಅನ್ನಿಸೀತು. ನನ್ನದು ಎರಡನೆಯದು. ನನ್ನದೆಂದರೆ, ಸುಮತಿ ಅತ್ತಿಯದು.

ಬೇಡಕಿಹಾಳದ ನಮ್ಮ ಆ ದೊಡ್ಡ ಮನೆ ಈಗಿಲ್ಲ. ಅಪ್ಪನ ತಂಗಿ ಸುಮತಿ ಅತ್ತಿಯನ್ನು ಅಥಣಿಗೆ ಕೊಟ್ಟಿದ್ದರು. ಗಂಡನೊಡನೆ ಹೊಂದಿಕೆಯಾಗದೆ ವರ್ಷದೊಳಗೇ ತವರಿಗೆ ಬಂದಿದ್ದಳು. ಭಾನುವಾರ ಕಾಕಾ ನಿಪ್ಪಾಣಿಯಿಂದ ಬಾಡಿಗೆ ಕ್ಯಾಸೆಟ್ ತಂದು ಹಾಕುವಾಗ ನಾಲ್ಕೂವರೆ ದಾಟುತ್ತಿತ್ತು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಹಾಗಾಗಿ ನಮಗೆ ಸಿನಿಮಾದ ಹೊತ್ತೆಂದರೆ ಅತ್ತಿಯ ಪಾಲಿಗೆ ಒಲೆಯ ಹೊತ್ತು. ಹಿಟ್ಟು ಮೆತ್ತಿದ ಕೈಗಳನ್ನು ಸೀರೆಗೆ ತಾಗದಂತೆ ಹಿಡಿದುಕೊಂಡು ಪಡಸಾಲೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಹಕ್ಕಿ ಹಾರಿಹೋಗುವವರೆಗೆ ಮಾತ್ರ. ಆಮೇಲೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಒಂದು ಭಾನುವಾರ ಹಕ್ಕಿ ಹಾರಿದ ಮೇಲೂ ಅವಳು ಹೋಗಲಿಲ್ಲ. ನನ್ನ ಹತ್ತಿರ ಬಂದು ಬಗ್ಗಿ, "ಇವತ್ತೊಂದ ದಿವಸ ನಾ ಇಲ್ಲಿ ಕುಂದರ್ತೇನಿ. ಒಲಿ ಮುಂದ ಒಂದೀಟ ನೀ ಕುಂದರ್ತಿಯೇನವಾ?" ಎಂದಳು. ನನಗಾಗ ಹನ್ನೆರಡು ವರ್ಷ, ರೊಟ್ಟಿ ಮಾಡಲು ಬರುತ್ತಿತ್ತು. ಪರದೆಯಿಂದ ಕಣ್ಣು ಕೀಳದೆ, "ನಾ ಒಲ್ಲೆ, ಪಿಕ್ಚರ್ ತಪ್ಪತೈತಿ" ಎಂದೆ. ಆಗಲಿ ಬಿಡು ಎಂದು ನನ್ನ ತಲೆ ಸವರಿ ಒಳಗೆ ಹೋದಳು. ಕೂದಲಿಗೆ ಹತ್ತಿದ ಜೋಳದ ಹಿಟ್ಟನ್ನು ಸಿಟ್ಟಿನಿಂದ ಕೊಡವಿಕೊಂಡದ್ದು ನೆನಪಿದೆ.

ಆ ವಾರವೇ ಅವಳು ಅಥಣಿಗೆ ಹೊರಟುಹೋದಳು. ಮರುವರ್ಷ ಕಾಮಾಲೆಯಾಗಿ ತೀರಿಕೊಂಡಳೆಂಬ ಸುದ್ದಿ ಬಂತು. ಕೆಲವು ತಿಂಗಳು ಬಿಟ್ಟು ಕ್ಯಾಸೆಟ್ಟುಗಳೂ ಮತ್ತೆ ಬಂದವು. ಪರದೆಯ ಮೇಲೆ ಹಕ್ಕಿಯ ಗೆರೆಗಳು ಮೂಡುವಷ್ಟು ಹೊತ್ತು, ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ಯಾರೋ ಉಸಿರು ಬಿಗಿಹಿಡಿದು ನಿಂತಂತಾಗುತ್ತಿತ್ತು. ತಿರುಗಿ ನೋಡುವ ಧೈರ್ಯ ಒಮ್ಮೆಯೂ ಬರಲಿಲ್ಲ. ಒಂದು ಸಲ ನನ್ನ ಪುಟ್ಟ ತಂಗಿ, ಯಾರೂ ಹೇಳದೆಯೇ, ಬಾಗಿಲ ಕಡೆ ನೋಡಿ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಎದ್ದುಹೋದಳು.

ಮನೆ ಪಾಲಾಗಿ, ಕೆಡವಿಯೂ ಆದ ಎಷ್ಟೋ ವರ್ಷಗಳ ಮೇಲೆ, ಶೇಂಗಾ ಸುಲಿಯುತ್ತ ಕೂತಿದ್ದಾಗ ಅವ್ವ ಆ ದಿನದ ಮಾತೆತ್ತಿದಳು. ಆ ಭಾನುವಾರ ಬೆಳಿಗ್ಗೆ ಅಥಣಿಯವರು ಕರೆಯಲು ಬಂದುಹೋಗಿದ್ದರಂತೆ. ಹೋಗುವುದೋ ಇರುವುದೋ ಯೋಚಿಸಿ ಸಂಜೆಯ ಊಟದ ಹೊತ್ತಿಗೆ ಹೇಳು ಎಂದು ಅಜ್ಜ ತೀರ್ಮಾನವನ್ನು ಅತ್ತಿಯ ಕೈಗೇ ಬಿಟ್ಟಿದ್ದರಂತೆ.

"ಇಡೀ ದಿನ ಎಲ್ಲಾರ ಮಾರಿ ನೋಡಕೋತ ಅಡ್ಡಾಡಿದಳು ಆಕಿ," ಎಂದಳು ಅವ್ವ. "ಒಬ್ಬರರ ಇರು ಅಂದಿದ್ರ ಇರತಿದ್ದಳು."

ಅವತ್ತು ಮನೆಯಲ್ಲಿ ನಾವು ಹನ್ನೊಂದು ಜನ ಇದ್ದೆವು.