ಬಂದೂಕು ಹಿಡಿದು ಬಾಗಿಲಲ್ಲಿ ನಿಂತಾಗ

ನನ್ನನ್ನು ಇದುವರೆಗೆ ಬಹಳ ಜನ ಕೊಂದಿದ್ದಾರೆ. ಹೆಚ್ಚಿನವರು ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು. ಬೆಳಿಗ್ಗೆ ನನ್ನ ತರಗತಿಯಲ್ಲಿ ಕೂತು ವಿಭಕ್ತಿ ಪ್ರತ್ಯಯ ಬರೆದುಕೊಂಡವರೇ ಸಂಜೆ ನನ್ನ ಮೇಲೆ ಗುಂಡು ಹಾರಿಸಿದ್ದರೂ ಹಾರಿಸಿರಬಹುದು. ತಿಳಿಯುವ ಉಪಾಯವಿಲ್ಲ. ಮೊಬೈಲಿನ ಆ ಯುದ್ಧದ ಆಟದಲ್ಲಿ ಎಲ್ಲರಿಗೂ ಒಂದೊಂದು ಭಯಂಕರ ಹೆಸರು, ಮುಖಕ್ಕೆ ಮುಸುಕು. ನಾನೊಬ್ಬಳೇ ಅಪ್ಪ ಅಮ್ಮ ಇಟ್ಟ ಹೆಸರಿಗೆ ‘ಟೀಚರ್’ ಎಂದು ಬಾಲ ಸೇರಿಸಿಕೊಂಡು ರಣರಂಗಕ್ಕೆ ಇಳಿಯುತ್ತಿದ್ದೆ. ಐವತ್ತು ದಾಟಿದ, ಮಂಡಿನೋವಿನ, ಬಾಗಲಕೋಟೆ ನವನಗರದ ಕನ್ನಡ ಶಿಕ್ಷಕಿ ಪ್ಯಾರಾಚೂಟಿನಿಂದ ಇಳಿದು ಹುಲ್ಲಿನಲ್ಲಿ ತೆವಳುವುದನ್ನು ನೀವು ಊಹಿಸಿಕೊಳ್ಳಲು ಹೋಗಬೇಡಿ. ನಾನೂ ಊಹಿಸಿಕೊಳ್ಳುತ್ತಿರಲಿಲ್ಲ, ಸುಮ್ಮನೆ ತೆವಳುತ್ತಿದ್ದೆ.

ಈ ದಾರಿಗೆ ನನ್ನನ್ನು ಎಳೆದವಳು ಮಗಳು ಸವಿತಾ. ಒಬ್ಬಳೇ ಮಗಳು. ಮದುವೆಯಾಗಿ ಇಳಕಲ್ಲಿಗೆ ಹೋದಳು. ಇಳಕಲ್ಲೇನು ದೂರದ ಊರಲ್ಲ. ಕಮತಗಿ, ಅಮೀನಗಡ, ಹುನಗುಂದ ದಾಟಿದರೆ ಬಂತು. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಒಂದು ಒಳ್ಳೆಯ ನಿದ್ದೆಯಷ್ಟು ದಾರಿ. ಆದರೆ ಮಗಳನ್ನು ಕೊಟ್ಟ ಊರು ಎಷ್ಟು ಹತ್ತಿರವಿದ್ದರೂ ಸುಮ್ಮನೆ ಹೋಗಿ ಕೂತು ಬರುವ ಊರಲ್ಲ. ಹೋಗಲು ಒಂದು ಕಾರಣ ಬೇಕು. ಹಬ್ಬ ಬೇಕು, ಇಲ್ಲವೇ ಯಾರಿಗಾದರೂ ಜ್ವರ ಬರಬೇಕು. ‘ಮಗಳ ಮುಖ ನೋಡಬೇಕೆನಿಸಿತು’ ಎಂಬುದು ನಮ್ಮ ಕಡೆ ಇನ್ನೂ ಕಾರಣಗಳ ಸಾಲಿಗೆ ಸೇರಿಲ್ಲ.

ಫೋನು ಇದೆಯಲ್ಲ ಎನ್ನುತ್ತೀರಿ. ಇದೆ. ನಮ್ಮ ಫೋನಿನ ಮಾತು ಹೀಗಿರುತ್ತಿತ್ತು.

“ಉಂಡ್ಯಾ?”

“ಉಂಡ್ನಿ. ನೀ?”

“ಹ್ಞೂಂ. ಅತ್ತಿಯಾರು ಆರಾಮ?”

“ಆರಾಮ.”

“ಮತ್ತ?”

“ಮತ್ತೇನಿಲ್ಲ.”

ಇವಳೇ ಆ ನನ್ನ ಮಗಳೇನು? ಮದುವೆಗೆ ಮುಂಚೆ ನಾವಿಬ್ಬರೂ ಜಗಳವಿಲ್ಲದೆ ಒಂದು ಕಪ್ಪು ಚಹಾ ಕುಡಿದವರಲ್ಲ. ಹಸಿ ಟವೆಲ್ಲು ಹಾಸಿಗೆಯ ಮೇಲೆ ಬಿದ್ದರೆ ಜಗಳ, ಫ್ಯಾನು ತಿರುಗುತ್ತಿದ್ದರೆ ಜಗಳ, ನಿಂತರೂ ಜಗಳ. ನಮ್ಮವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೇ ಇಪ್ಪತ್ತು ವರ್ಷ ಸಂಸಾರ ಮಾಡಿದರು. ಅವಳು ಹೋದ ಮೇಲೆ ಟವೆಲ್ಲು ತಂತಿಯ ಮೇಲೆ ನೆಟ್ಟಗೆ ಒಣಗುತ್ತದೆ, ಅದನ್ನು ನೋಡಿದಾಗಲೆಲ್ಲ ನನಗೆ ಅಳು ಬರುತ್ತದೆ. ಫೋನಿನಲ್ಲಿ ಮಾತ್ರ ನಾವಿಬ್ಬರೂ ನುರಿತ ಸೆನ್ಸಾರ್ ಅಧಿಕಾರಿಗಳು. ಅತ್ತೆಗೆ ಕೇಳಿಸೀತೆಂದು ಅವಳು ಕತ್ತರಿಸುತ್ತಿದ್ದಳು, ಅವಳಿಗೆ ಕಷ್ಟವಾದೀತೆಂದು ನಾನು. ಇಬ್ಬರೂ ಕತ್ತರಿಸಿ ಉಳಿದದ್ದು ‘ಆರಾಮ’ ಎಂಬ ಒಂದೇ ಶಬ್ದ.

ನಾಗರ ಪಂಚಮಿಗೆ ತವರಿಗೆ ಬಂದವಳು ನನ್ನ ಮೊಬೈಲು ಇಸಿದುಕೊಂಡು ಅದರಲ್ಲಿ ಈ ಆಟ ಹಾಕಿದಳು.

“ಸಂಜಿಗೆ ಅತ್ತಿ ಗುಡಿಗೆ ಹೋಗ್ತಾರ. ಅವಾಗ ಇದರಾಗ ಬಾ ಅವ್ವಾ.”

“ಫೋನ್ ಮಾಡಿದ್ರ ಆಗೂದಿಲ್ಲೇನು?”

“ಫೋನಿನ್ಯಾಗ ಏನ ಮಾತಾಡೂದು?” ಎಂದಳು.

ಹೀಗೆ ನಾನು ಸೈನ್ಯ ಸೇರಿದೆ. ಆಟದಲ್ಲಿ ಒಂದು ದ್ವೀಪ, ಅದರಲ್ಲಿ ಜನ ಬಿಟ್ಟುಹೋದ ಊರುಗಳು. ಬಾಗಿಲು ತೆರೆದ ಮನೆಗಳ ಒಳಗೆ ನುಗ್ಗಿ ಬಂದೂಕು, ಗುಂಡು, ಔಷಧಿ ಹುಡುಕಿಕೊಳ್ಳಬೇಕು, ಎದುರಾದವರನ್ನು ಹೊಡೆಯಬೇಕು. ಆಡುತ್ತಲೇ ಜೊತೆಗಾರರೊಡನೆ ಮೈಕಿನಲ್ಲಿ ಮಾತಾಡಬಹುದು. ಅಲ್ಲಿಯೇ ನನ್ನ ತೊಡಕು ಶುರುವಾದದ್ದು. ನಾನು ಹುಟ್ಟಿ ಬೆಳೆದದ್ದು ಹಳೇ ಬಾಗಲಕೋಟೆಯ ಒಂದು ಓಣಿಯಲ್ಲಿ. ಆ ಓಣಿ ಈಗ ಹಿನ್ನೀರಿನ ಕೆಳಗಿದೆ. ಅಲ್ಲಿ ಹಗಲು ಹೊತ್ತು ಯಾವ ಮನೆಯ ಬಾಗಿಲೂ ಮುಚ್ಚುತ್ತಿರಲಿಲ್ಲ, ಯಾರೂ ಕೂಗದೆ ಒಳಗೆ ಕಾಲಿಡುತ್ತಲೂ ಇರಲಿಲ್ಲ. ಹೊಸ್ತಿಲಾಚೆ ನಿಂತು ಒಂದು ಮಾತು ಕೇಳಬೇಕು, ಒಳಗಿನಿಂದ ‘ಬರ್ರಿ’ ಎನ್ನಬೇಕು, ಆಮೇಲೆ ಹೋಗಬೇಕು. ನವನಗರಕ್ಕೆ ಬಂದು ಕಾಂಪೌಂಡು, ಗೇಟು, ಕರೆಗಂಟೆ ಎಲ್ಲ ಆದ ಮೇಲೆ ಆ ರೂಢಿ ನನ್ನೊಳಗೆ ಎಲ್ಲೋ ಮಲಗಿತ್ತು. ಆಟದಲ್ಲಿ ತೆರೆದ ಬಾಗಿಲು ಕಂಡದ್ದೇ ತಡ, ಬಂದೂಕು ಹಿಡಿದು ಹೊಸ್ತಿಲಲ್ಲಿ ನಿಂತು ನಾನು ಕೂಗಿಬಿಟ್ಟೆ.

“ಯಾರದೀರ್ರಿ ಒಳಗ?”

“ಅವ್ವಾ,” ಸವಿತಾ ಇಯರ್‌ಫೋನಿನಲ್ಲಿ ಹಲ್ಲು ಕಡಿದಳು, “ಮೈಕ್ ಎಲ್ಲಾರಿಗೂ ಕೇಳತೈತಿ.”

ಕೇಳಿಸಿಯೇ ಇತ್ತು. ಮೇಲಿನ ಕೋಣೆಯಿಂದ ಒಂದು ಗಂಡುದನಿ ಬಹಳ ಮರ್ಯಾದೆಯಿಂದ, “ಬರ್ರಿ ಅಕ್ಕಾರ, ಒಳಗ ಬರ್ರಿ” ಎಂದಿತು. ಹೋದೆ. ಹೊಡೆದ. ನಮ್ಮ ಸೀಮೆಯವನೇ ಎಂಬುದು ಮಾತಿನಲ್ಲೇ ಗೊತ್ತಾಯಿತು, ಹಾಗಾಗಿ ಸತ್ತದ್ದಕ್ಕೆ ಅಷ್ಟೊಂದು ಬೇಜಾರಾಗಲಿಲ್ಲ. ಮಗಳಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. “ನಿನಗ ನೂರ ಸಲ ಹೇಳೀನಿ, ಕೂಗಬ್ಯಾಡ ಅಂತ” ಎಂದಳು. ಅದು ಮೊದಲ ಸಲ. “ಯಾವಾಗ ಹೇಳೀದಿ ನೂರ ಸಲ?” ಎಂದೆ. ಅವಳು ಒಂದು ಅಂದಳು, ನಾನು ಎರಡು ಅಂದೆ. ಅಡುಗೆಮನೆಯ ಬಾಗಿಲಲ್ಲಿ ನಮ್ಮವರು ಪೇಪರು ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ನಗು ಇತ್ತು. ಆ ಸಂಜೆ ನಾನು ಎರಡು ರೊಟ್ಟಿ ಹೆಚ್ಚು ಉಂಡೆ.

ಯಾಕೆ ಹೀಗೆ ಎಂದು ಆಮೇಲೆ ಯೋಚಿಸಿದೆ. ನಮ್ಮ ಓಣಿಯಲ್ಲಿ ಬೇಸಿಗೆಗೆ ಶಾವಿಗೆ ಮಾಡುತ್ತಿದ್ದರು. ಮಣೆಯ ಮೇಲೆ ಒಬ್ಬರು ಹಿಟ್ಟು ಹೊಸೆಯುವುದು, ಇಳಿಯುವ ಎಳೆಯನ್ನು ಇನ್ನೊಬ್ಬರು ಹಿಡಿದು ಕೋಲಿಗೆ ಹಾಕುವುದು. ಕೈ ಬಿಡುವಿಲ್ಲ, ಕಣ್ಣು ಎಳೆಯ ಮೇಲೆ, ಯಾರೂ ಯಾರ ಮುಖವನ್ನೂ ನೋಡುವಂತಿಲ್ಲ. ವರ್ಷವಿಡೀ ಬಾಯಿ ಬಿಡದ ಹೆಂಗಸರು ಅಲ್ಲಿ ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಗಂಡನ ಕುಡಿತ, ನಾದಿನಿಯ ನಾಲಗೆ, ತವರಿನ ನೆನಪು ಎಲ್ಲ ಹಿಟ್ಟಿನ ಜೊತೆ ಸಣ್ಣಗೆ ಇಳಿದು ಬರುತ್ತಿದ್ದವು. ಎದುರಾಬದುರು ಕೂತು ‘ಹೇಳು’ ಎಂದರೆ ಯಾರು ಹೇಳುತ್ತಾರೆ? ನನಗೂ ಸವಿತಾಳಿಗೂ ಆ ಆಟವೇ ಶಾವಿಗೆ ಮಣೆಯಾಯಿತು. ಕೈಗೆ ಬಂದೂಕು ಸಿಕ್ಕಿತು, ಬಾಯಿಗೆ ಬಿಡುಗಡೆ.

ಒಂದು ಸಂಜೆ ಇಬ್ಬರೂ ಕಲ್ಲಿನ ಗುಡಿಸಲೊಂದರಲ್ಲಿ ಅಡಗಿ ಕೂತಿದ್ದೆವು. ಹೊರಗೆ ಯಾರೋ ಓಡಾಡುವ ಸಪ್ಪಳ. ಸವಿತಾ ತಟ್ಟನೆ ಹೇಳಿದಳು. “ಅವ್ವಾ, ಇಲ್ಲಿ ಎಲ್ಲಾರೂ ಭಾಳ ಚಲೋ ಅದಾರ. ನನಗ ಯಾರೂ ಒಂದ ಮಾತ ಅನ್ನೂದಿಲ್ಲ. ನಾನೂ ಅನ್ನೂದಿಲ್ಲ. ಮುಂಜಾನಿಂದ ಸಂಜಿತನಾ ಪಾವಣ್ಯಾರ ಗತೆ ಇರ್ತೀನಿ ನೋಡು. ಜಗಳಾಡಾಕ ಯಾರೂ ಇಲ್ಲ ಅವ್ವಾ.”

ಪಾವಣ್ಯಾರು ಎಂದರೆ ಅತಿಥಿಗಳು. ಸ್ವಂತ ಮನೆಯಲ್ಲಿ ಅತಿಥಿಯಾಗಿರುವ ಮಗಳಿಗೆ ಏನು ಹೇಳಬೇಕೆಂದು ಹುಡುಕುವಷ್ಟರಲ್ಲಿ ಕಿಟಕಿಯಿಂದ ಯಾರೋ ಬಾಂಬು ಎಸೆದರು. ಇಬ್ಬರೂ ಸತ್ತೆವು. ಸತ್ತ ಮೇಲೆ ಅಳುವುದು ಸುಲಭವಾಯಿತು.

ಇದೇ ಹೊತ್ತಿನಲ್ಲಿ ನಮ್ಮ ಶಾಲೆಯಲ್ಲಿ ಚರ್ಚಾಸ್ಪರ್ಧೆ ಬಂತು. ವಿಷಯ ಏನೆಂದಿರಿ? ‘ಹಿಂಸೆಯ ವಿಡಿಯೋ ಗೇಮ್‌ಗಳನ್ನು ನಿಷೇಧಿಸಬೇಕು’. ತೀರ್ಪುಗಾರ್ತಿ ನಾನು. ಬ್ಯಾಗಿನಲ್ಲಿ ಬಂದೂಕಿನ ಮೊಬೈಲು ಇಟ್ಟುಕೊಂಡು ಗಂಭೀರವಾಗಿ ಕೂತೆ. ನಿಷೇಧದ ವಿರುದ್ಧ ಒಬ್ಬಳು ಜೋರಾಗಿಯೇ ಮಾತಾಡಿದಳು. ಹಿಂಸೆ ಬೇಡವೆಂದರೆ ಬಾದಾಮಿಯ ಗುಹೆಗಳಿಗೂ ಪರದೆ ಕಟ್ಟಬೇಕಾಗುತ್ತದೆ ಎಂದಳು. ಮಾತು ಸುಳ್ಳಲ್ಲ. ಪ್ರತಿವರ್ಷ ಪ್ರವಾಸಕ್ಕೆ ಕರೆದುಕೊಂಡು ಹೋಗಿ, ದೇವಿ ಕೋಣನ ಬಾಲ ಹಿಡಿದೆತ್ತಿ ತ್ರಿಶೂಲ ಚುಚ್ಚಿರುವುದನ್ನು ಮಕ್ಕಳಿಗೆ ತೋರಿಸಿ ‘ಎಷ್ಟು ಚಂದ ನೋಡಿ’ ಎನ್ನುವವಳು ನಾನೇ. ನಮ್ಮ ಸೀಮೆಯ ವೀರಗಲ್ಲುಗಳನ್ನೇ ನೋಡಿ. ಕೆಳಗಿನ ಹಂತದಲ್ಲಿ ಹೊಡೆದಾಟ, ನಡುವಿನಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಮೊಬೈಲಿನ ಆಟದವರು ಅಪ್ಸರೆಯರನ್ನೂ ಶಿವನನ್ನೂ ಬಿಟ್ಟು ಕೆಳಗಿನ ಹಂತವನ್ನಷ್ಟೇ ಇಟ್ಟುಕೊಂಡರು. ಜನ ಆಕ್ಷೇಪಿಸಿದಾಗ ರಕ್ತದ ಬಣ್ಣವನ್ನು ಹಸಿರು ಮಾಡಿದರು. ಗುಂಡು ಬಿದ್ದರೆ ಕೊತ್ತಂಬರಿ ಚಟ್ನಿ ಸಿಡಿದಂತಾಗುತ್ತಿತ್ತು. ಅದರಿಂದ ಯಾರ ಮನಸ್ಸು ತಿಳಿಯಾಯಿತೋ ನಾನರಿಯೆ.

ನಿಷೇಧದ ಪರವಾಗಿ ಮಾತಾಡಿದ ಹುಡುಗಿ ಪುಸ್ತಕದ ಮಾತು ಆಡಲಿಲ್ಲ. ತನ್ನ ಅಣ್ಣ ಊಟಕ್ಕೆ ಕರೆದರೆ ತಲೆ ಎತ್ತುವುದಿಲ್ಲ, ಮೊದಲು ತನ್ನ ಜೊತೆ ಜಗಳಾಡುತ್ತಿದ್ದ, ಈಗ ಜಗಳವನ್ನೂ ಆಡುವುದಿಲ್ಲ ಎಂದಳು. ನಾನು ಬಹುಮಾನವನ್ನು ಅವಳಿಗೇ ಕೊಟ್ಟೆ, ಇವತ್ತು ಕೇಳಿದರೂ ಕೊಡುತ್ತೇನೆ. ಯಾವ ಆಟ ಅವಳ ಮನೆಯಿಂದ ಜಗಳವನ್ನು ಒಯ್ದಿತ್ತೋ ಅದೇ ಆಟ ನನಗೆ ಜಗಳವನ್ನು ತಂದುಕೊಟ್ಟಿತ್ತು. ಇಬ್ಬರೂ ಹಂಬಲಿಸಿದ್ದು ಒಂದಕ್ಕೇ. ಹಾಗಿದ್ದರೆ ಬಂದ್ ಮಾಡಬೇಕೋ ಬೇಡವೋ? ಅವಳ ಅಣ್ಣನ ಮೊಬೈಲಿನಲ್ಲಿ ಬಂದ್ ಮಾಡಿ, ನನ್ನದರಲ್ಲಿ ಬಿಡಿ ಎಂದು ಯಾವ ಸರ್ಕಾರಕ್ಕೆ ಅರ್ಜಿ ಕೊಡುವುದು?

ಸರ್ಕಾರ ನನ್ನನ್ನು ಕೇಳಲಿಲ್ಲ. ಬೇಸಿಗೆಯ ಹೊತ್ತಿಗೆ ಆಟ ನಿಷೇಧವಾಯಿತು. ಅದೂ ರಕ್ತಪಾತಕ್ಕಾಗಿ ಅಲ್ಲವಂತೆ, ಬೇರೇನೋ ಕಾರಣಕ್ಕಂತೆ. ಸಂಜೆ ಮೊಬೈಲು ಒತ್ತಿದರೆ ದ್ವೀಪವೇ ಇಲ್ಲ. ಸವಿತಾಳಿಗೆ ಫೋನು ಮಾಡಿದೆ.

“ಆಟ ಹೋತಲ್ಲ.”

“ಹ್ಞೂಂ, ಹೋತು.”

“ಮತ್ತ?”

“ಮತ್ತೇನಿಲ್ಲ.”

ಅತ್ತೆ ಅಂದು ಗುಡಿಗೆ ಹೋಗಿರಲಿಲ್ಲವೆಂದು ಕಾಣುತ್ತದೆ. ನನ್ನ ಊರು ಒಮ್ಮೆ ನೀರಿಗೆ ಹೋಗಿತ್ತು, ಈಗ ಇದು ಎರಡನೆಯದು. ನಗಬೇಡಿ. ಆ ದ್ವೀಪದ ಒಂದೊಂದು ಓಣಿಯೂ ನನಗೆ ಬೇಕಾಗಿತ್ತು. ಕಲ್ಲಿನ ಗುಡಿಸಲು, ಅದರ ಕಿಟಕಿ, ಅಲ್ಲಿ ಕೂತು ಮಗಳು ಹೇಳಿದ ಮಾತು, ನಾನು ಹೇಳದೆ ಉಳಿದ ಉತ್ತರ. ಸಂಜೆಯಾದರೆ ಕೈಬೆರಳುಗಳು ತಾವೇ ಆಡುತ್ತಿದ್ದವು. ನಮ್ಮವರು ಪೇಪರಿನ ಮೇಲಿಂದ ನೋಡಿ, “ಒಮ್ಮಿ ಹೋಗಿ ಬಾ” ಎಂದರು.

“ಏನ ಕಾರಣ ಹೇಳ್ಲಿ?”

“ಕರದಂಟು ತಂದೀನಿ ಅನ್ನು.”

ಅಮೀನಗಡದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದಲೇ ಕರದಂಟು ಕೊಂಡೆ. ಮಗಳ ಮನೆಯಿರುವ ಓಣಿಗೆ ಬಂದಾಗ ಬಿಸಿಲು ಏರಿತ್ತು. ಬಾಗಿಲು ತೆರೆದಿತ್ತು. ಯಾರೂ ಕಾಣಲಿಲ್ಲ. ಆಗ ಏನಾಯಿತೋ, ಇಷ್ಟು ತಿಂಗಳ ತರಬೇತಿ ಮೈಗೆ ಹತ್ತಿತ್ತೆಂದು ಕಾಣುತ್ತದೆ. ನಾನು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಂತೆ, ಕರದಂಟಿನ ಡಬ್ಬಿಯನ್ನು ಎದೆಗೆ ಅವಚಿ ಕತ್ತು ಸ್ವಲ್ಪವೇ ಚಾಚಿ ಒಳಗೆ ಇಣುಕಿದೆ. ಕೂಗಲು ಬಾಯಿ ತೆರೆದೆ. ಕೂಗಬಾರದೆಂದು ನೆನಪಾಗಿ ಮುಚ್ಚಿದೆ. ಎದುರಿನ ಕಟ್ಟೆಯ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು.

ಒಳಗಿನಿಂದ ಸವಿತಾಳ ದನಿ ಬಂತು. “ಒಳಗ ಬಾ ಅವ್ವಾ. ಇಲ್ಲಿ ಯಾರೂ ಹೊಡಿಯೂದಿಲ್ಲ.”

ಪಡಸಾಲೆಯಲ್ಲಿ ಅವಳೂ ಅತ್ತೆಯೂ ಶಾವಿಗೆ ಮಣೆ ಹಾಕಿಕೊಂಡು ಕೂತಿದ್ದರು. ಯಂತ್ರದ ಶಾವಿಗೆಯನ್ನು ಒಪ್ಪದ ಅತ್ತೆ ಹೊಸೆಯುತ್ತಿದ್ದರು, ಸವಿತಾ ಎಳೆ ಹಿಡಿಯುತ್ತಿದ್ದಳು. ಇಬ್ಬರದೂ ತುಟಿ ಮುಚ್ಚಿತ್ತು. ನಾನು ಬಂದ ಕಾರಣವನ್ನು ಯಾರೂ ಕೇಳಲಿಲ್ಲ. ಅತ್ತೆ ಬೆನ್ನು ಹಿಡಿಯಿತೆಂದು ಎದ್ದು ಮಣೆಯನ್ನು ಸೊಸೆಗೆ ಬಿಟ್ಟರು. ನಾನು ಕೈಕಾಲು ತೊಳೆದು ಎಳೆ ಹಿಡಿಯಲು ಕೂತೆ.

“ಇದ ಶಾವಿಗಿ ಏನ, ಬಾವಿ ಹಗ್ಗಾ?” ಎಂದೆ.

“ನೀ ಭಾರಿ ಹೊಸೀತಿದ್ದಿ. ಮೂರ ವರ್ಷದಿಂದ ಅಂಗಡೀವ ತಿನ್ನಾಕತ್ತೀದಿ.”

“ಅಂಗೈ ತಳದಾಗ ಹಿಡಿ ಅಂತ ಎಷ್ಟ ಸಲ ಹೇಳಬೇಕು?”

“ಒಂದ ಸಲಾನೂ ಹೇಳಿಲ್ಲ ನೀ.”

ಅತ್ತೆ ನಮ್ಮಿಬ್ಬರನ್ನೂ ನೋಡಿದರು. ಮಣೆಯ ಹತ್ತಿರ ಬಂದು ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದರು. “ನಿಮ್ಮವ್ವ ಅನ್ನೂದ ಖರೆ ಐತಿ ಬಿಡು. ದಪ್ಪ ಆಗೈತಿ” ಎಂದರು. ಮದುವೆಯಾದ ಮೇಲೆ ಅವರು ಸೊಸೆಯಲ್ಲಿ ತೆಗೆದ ಮೊದಲ ತಪ್ಪು ಅದೇ ಇರಬೇಕು. ಸವಿತಾ ಅವರತ್ತ ತಿರುಗಿದಳು. “ನೀವೂ ಆಕಿ ಕಡೆನ ಆದ್ರೇನ್ರಿ ಅತ್ತಿ? ನಿನ್ನಿ ನೀವು ಹೊಸೆದಿದ್ದು ಇನ್ನೂ ದಪ್ಪ ಇತ್ತು. ನಾ ಸುಮ್ನಿದ್ನಿ.”

“ಯಾಕ ಸುಮ್ನಿದ್ದಿ? ಬಾಯಿ ಇರಲಿಲ್ಲೇನು?” ಎಂದರು ಅತ್ತೆ.

ಆಮೇಲೆ ಮೂವರ ಮಾತೂ ಒಟ್ಟಿಗೆ ಶುರುವಾಯಿತು. ಯಾರ ದನಿ ಯಾರದೆಂದು ಹೇಳುವಂತಿರಲಿಲ್ಲ. ನನ್ನ ಕಣ್ಣು ತುಂಬಿ ಎಳೆ ಕಾಣಿಸದೆ ಕೋಲಿನ ಬದಲು ಮಡಿಲಿಗೆ ಹಾಕಿಕೊಂಡೆ, ಅದಕ್ಕೂ ಇಬ್ಬರಿಂದ ಬೈಸಿಕೊಂಡೆ. ನನ್ನ ಮಗಳು ಈ ಮನೆಯ ಅತಿಥಿಯಲ್ಲ ಎಂಬುದನ್ನು ನೋಡಲು ನಾನು ಬಂದಿದ್ದೆ, ಆದರೆ ಆ ಕಾರಣ ನನಗೇ ಆಗ ಗೊತ್ತಾದದ್ದು.

ಹಿಟ್ಟು ಮುಗಿಯುತ್ತ ಬಂದಾಗ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು. “ಅಕ್ಕಾರ, ನೀವಿಬ್ರೂ ಯಾವಾಗಲೂ ಹಿಂಗ ಜಗಳಾಡ್ತೀರೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಸವಿತಾ ಎಳೆಯಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟಳು. “ಇಲ್ರಿ ಅತ್ತಿ. ಮೊದಲ ಇಬ್ರ ಕೈಯಾಗೂ ಬಂದೂಕ ಇರ್ತಿತ್ತು.”

ಅತ್ತೆ ನನ್ನ ಮುಖ ನೋಡಿದರು. ನಾನು ಹಿಟ್ಟು ಮೆತ್ತಿದ ಎರಡೂ ಕೈ ಮೇಲೆತ್ತಿ ತೋರಿಸಿದೆ.