ಮೂಲೆಯ ಸ್ಪೀಕರು, ಅತ್ತಿಗೆಯ ದನಿ

ನಿಮ್ಮ ಕೋಣೆ ನಿಮಗೆ ನಿಜ ಹೇಳುತ್ತಿದೆಯೆಂದು ಯಾವ ಆಧಾರದ ಮೇಲೆ ನಂಬಿದ್ದೀರಿ?

ಹೊನ್ನಾವರದ ನನ್ನ ಮನೆಯ ಹಿಂಬದಿಯ ಕೋಣೆಯನ್ನು ಧ್ವನಿಮುದ್ರಣದ ಸ್ಟುಡಿಯೋ ಮಾಡಿಕೊಂಡಾಗ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಗದ್ದೆಬಯಲಿನ ಹೆಂಗಸರ ಹಾಡುಗಳು ಅವರ ದನಿಯಲ್ಲೇ ಉಳಿಯಬೇಕು, ಅವರ ಪರವಾಗಿ ಬೇರೆಯವರು ಹಾಡುವುದು ನ್ಯಾಯವಲ್ಲ ಎಂಬುದು ನನ್ನ ವಾದವಾಗಿತ್ತು. ಇಂದಿಗೂ ಅದನ್ನು ಬಿಟ್ಟಿಲ್ಲ. ಭಟ್ಕಳದಲ್ಲಿ, ದುಬೈಯಿಂದ ಮರಳಿದವರೊಬ್ಬರಿಂದ ಒಂದು ಜೊತೆ ಒಳ್ಳೆಯ ಸ್ಪೀಕರು ಕೊಂಡು ತಂದೆ. ಇಲ್ಲಿಯ ಉಪ್ಪುಗಾಳಿಗೆ ಬಾಗಿಲ ಬೀಗವೂ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅವುಗಳನ್ನು ಕಿಟಕಿಯಿಂದ ದೂರ, ಎರಡು ಮೂಲೆಗಳಿಗೆ ಒತ್ತಿ ಇಟ್ಟೆ.

ಆಮೇಲೆ ಮಂಕಿ ಊರಿನ ಅತ್ತಿಗೆ-ನಾದಿನಿ ಅಜ್ಜಿಯರಿಬ್ಬರು ಹಾಡುವ ಮದುವೆ ಹಾಡನ್ನು ಅವರ ಜಗಲಿಯಲ್ಲೇ ಮುದ್ರಿಸಿ ತಂದೆ. ನಾದಿನಿ ಸಾಲು ಎತ್ತುತ್ತಾರೆ. ಅವರ ಉಸಿರು ಮುಗಿಯುವ ಮುನ್ನವೇ ಅತ್ತಿಗೆ ತಮ್ಮ ತಗ್ಗು ದನಿಯಲ್ಲಿ ಅದನ್ನು ಹಿಡಿದುಕೊಳ್ಳುತ್ತಾರೆ. ನಡುವೆ ಹಾಡು ತುಂಡಾದರೆ ಮದುಮಕ್ಕಳಿಗೆ ಒಳ್ಳೆಯದಲ್ಲ ಎಂಬುದು ಅವರ ನಂಬಿಕೆ. ಅತ್ತಿಗೆಯವರ ಮೊಮ್ಮಗಳ ಮದುವೆ ಕುಮಟಾದಲ್ಲಿ ಗೊತ್ತಾಗಿತ್ತು. ಕಾಲುನೋವಿನಿಂದ ಅಜ್ಜಿ ಅಲ್ಲಿಗೆ ಹೋಗುವಂತಿರಲಿಲ್ಲ. ಅವರ ಬದಲಿಗೆ ಹಾಡು ಹೋಗಬೇಕಿತ್ತು.

ನನ್ನ ಕೋಣೆಯಲ್ಲಿ ಆ ತಗ್ಗು ದನಿ ಕೊಡದೊಳಗೆ ಕೂಗಿದಂತೆ ಗುಂಯ್‌ಗುಡುತ್ತಿತ್ತು. ದೋಷ ದನಿಯದ್ದೆಂದು ತೀರ್ಮಾನಿಸಿ ಮುದ್ರಣದಲ್ಲಿ ತಗ್ಗು ಸ್ವರಗಳ ಅಂಶವನ್ನೆಲ್ಲ ಇಳಿಸಿದೆ. ನನ್ನ ಕಿವಿಗೆ ಎಲ್ಲವೂ ಸಮವಾಯಿತು. ಮಂಕಿಗೆ ಹೋಗಿ, ಅವರ ಮನೆಯ ಟಿ.ವಿ.ಗೆ ಜೋಡಿಸಿದ್ದ ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. ಸಾಲು ಎದ್ದಿತು, ನಿಂತಿತು. ಮತ್ತೆ ಎದ್ದಿತು, ನಿಂತಿತು.

“ಎಂತ ತಮಾ, ನನ್ನ ಎಲ್ಲಿ ಇಳಿಸಿ ಬಂದೆ?” ಎಂದರು ಅತ್ತಿಗೆ.

“ಮಾವಿನಕುರ್ವೆ ದೋಣಿ ಹತ್ತಿಸಿ ಹೊಳೆಯಾಚೆ ಬಿಟ್ಟಿರ್ಬೇಕು,” ಎಂದರು ನಾದಿನಿ.

“ನೀ ನಗಾಡು. ಹಾಡು ತುಂಡಾಗ್ತದೆ. ಕುಮಟಾದಲ್ಲಿ ಇದ್ನ ಹಾಕೂದು ಬ್ಯಾಡ.”

ಮನೆಗೆ ಬಂದು, ನಾನು ಮುಟ್ಟದೆ ಉಳಿಸಿದ್ದ ಮೂಲ ಮುದ್ರಣವನ್ನು ಹೆಡ್‌ಫೋನಿನಲ್ಲಿ ಕೇಳಿದೆ. ಅಲ್ಲಿ ಗುಂಯ್ ಎಂಬುದೇ ಇರಲಿಲ್ಲ. ಮೂಲೆಯ ಗೋಡೆಗಳು ತಗ್ಗು ದನಿಯನ್ನು ಉಬ್ಬಿಸಿದ್ದವು. ನಾನು ಗೋಡೆಗೆ ಕೊಡಬೇಕಾದ ಶಿಕ್ಷೆಯನ್ನು ಅಜ್ಜಿಗೆ ಕೊಟ್ಟಿದ್ದೆ. ಸ್ಪೀಕರುಗಳನ್ನು ಮುಂದಕ್ಕೆಳೆದು, ಕಿವಿಯ ಎತ್ತರಕ್ಕೆ ಏರಿಸಿ, ಅವೆರಡರ ನಡುವೆ ಎಷ್ಟು ಅಂತರವೋ ನನ್ನಿಂದ ಒಂದೊಂದಕ್ಕೂ ಅಷ್ಟೇ ಅಂತರವಿರುವಂತೆ ಇಟ್ಟೆ. ತೆರವಾದ ಮೂಲೆಗಳಲ್ಲಿ ಹತ್ತಿಯ ಹಾಸಿಗೆಗಳನ್ನು ಸುತ್ತಿ ನಿಲ್ಲಿಸಿದೆ. ಉಪ್ಪುಗಾಳಿಗೆ ಒಂದು ದಪ್ಪ ಬಟ್ಟೆಯ ಹೊದಿಕೆ ಸಾಕಾಯಿತು. ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಇಬ್ಬರ ದನಿಗಳೂ ತಮ್ಮ ತಮ್ಮ ಅಳತೆಗೆ ಬಂದವು.

ಕಾಲೇಜಿನ ಚರ್ಚಾಕೂಟದಲ್ಲಿ ನಮಗೊಂದು ನಿಯಮವಿತ್ತು: ಎದುರು ಪಕ್ಷಕ್ಕೆ ಉತ್ತರಿಸುವ ಮುನ್ನ ಅವರ ಮಾತನ್ನು ಅವರೇ ಒಪ್ಪುವಂತೆ ತಿರುಗಿ ಹೇಳಬೇಕು. ಧ್ವನಿಮುದ್ರಣಕ್ಕೂ ಇದಕ್ಕಿಂತ ಕಠಿಣವಾದ ಪರೀಕ್ಷೆ ನನಗೆ ಕಾಣುವುದಿಲ್ಲ. ಹೊಸದಾಗಿ ಹದಗೊಳಿಸಿದ ಹಾಡನ್ನು ಮತ್ತೆ ಮಂಕಿಗೆ ಒಯ್ದೆ. ಅತ್ತಿಗೆ ನೆಲ ನೋಡುತ್ತ ಕೊನೆಯವರೆಗೂ ಕೇಳಿದರು.

“ಆತು,” ಎಂದರು. “ನನ್ನ ಕೆಮ್ಮೂ ಬಂತಲ್ಲ ಇದ್ರಲ್ಲಿ.”

“ತೆಗೀಲಾ?”

“ಇರ್ಲಿ ಬಿಡು. ಅಜ್ಜಿ ಬಂದ್ಲು ಅಂತ ಕೂಸಿಗೆ ಗೊತ್ತಾಗ್ಲಿ.”

ಹಾಡು ಕೆಮ್ಮಿನೊಂದಿಗೇ ಕುಮಟಾಕ್ಕೆ ಹೋಯಿತು. ನೀವೂ ಮನೆಯಲ್ಲಿ ಯಾರದಾದರೂ ದನಿಯನ್ನು ಮುದ್ರಿಸುವಿರಾದರೆ, ದಯವಿಟ್ಟು ಮೊದಲು ಸ್ಪೀಕರನ್ನು ಮೂಲೆಯಿಂದ ಈಚೆಗೆ ಎಳೆಯಿರಿ. ಊರಿಗೆ ಕೇಳಿಸುವ ಮುನ್ನ, ಹಾಡಿದವರಿಗೆ ಒಮ್ಮೆ ಕೇಳಿಸಿ.